ಸಹಿ ಹಾಕಲು ಹೆದರುವ ಖರೀದಿ ತಂಡವನ್ನು ನಡೆಸುವುದು ಹೇಗೆ?

ಪ್ರಶ್ನೆ: ನಾನು ರಾಜ್ಯದ ಒಂದು ಎಸ್ಕಾಂನಲ್ಲಿ (ವಿದ್ಯುತ್ ಸರಬರಾಜು ಕಂಪನಿ) ಎಕ್ಸಿಕ್ಯೂಟಿವ್ ಎಂಜಿನಿಯರ್. ಇಷ್ಟು ವರ್ಷ ಲೈನು, ಸಬ್‌ಸ್ಟೇಷನ್ ಅಂತ ಫೀಲ್ಡಿನಲ್ಲೇ ಇದ್ದೆ. ಈಗ ಕಾರ್ಪೊರೇಟ್ ಆಫೀಸಿನ ಪರ್ಚೇಸ್ ವಿಭಾಗಕ್ಕೆ ಮುಖ್ಯಸ್ಥನಾಗಿ ಹಾಕಿದ್ದಾರೆ. ಟಿಸಿ (ಟ್ರಾನ್ಸ್‌ಫಾರ್ಮರ್), ವೈರು, ಕಂಬ, ಮೀಟರ್ ಎಲ್ಲದರ ಟೆಂಡರ್ ನಮ್ಮದೇ. ತಂಡದಲ್ಲಿ ಬಲ್ಲವರಿದ್ದಾರೆ. ಆದರೆ ಒಂದು ತೀರ್ಮಾನ ಬರೆದು ಸಹಿ ಹಾಕಲು ಯಾರೂ ಮುಂದೆ ಬರುವುದಿಲ್ಲ. ಎಜಿ (ಮಹಾಲೇಖಪಾಲರ) ಆಡಿಟ್, ಲೋಕಾಯುಕ್ತ ಅಂತ ಹೆದರಿಕೆ. ಫೈಲು ‘ಪರಿಶೀಲಿಸಿ ಮಂಡಿಸಿ’ ಅಂತ ಮೇಲೆ ಕೆಳಗೆ ಓಡಾಡುತ್ತಲೇ ಇರುತ್ತದೆ. ಅತ್ತ ಡಿವಿಷನ್‌ಗಳಿಂದ ಟಿಸಿ ಇಲ್ಲ ಅಂತ ದಿನಾ ಫೋನು. ಕಡಿಮೆ ರೇಟಿನವರಿಗೆ ಕೊಟ್ಟು ಕಳಪೆ ಮಾಲು ತರಿಸುತ್ತೀರಿ ಅನ್ನುವ ದೂರು ಬೇರೆ. ಮೇಲಿನವರು ‘4(ಜಿ) ತಗೊಂಡು ಮುಗಿಸಿ’, ಅಂದರೆ ಟೆಂಡರ್‌ನಿಂದ ವಿನಾಯಿತಿ ಪಡೆದು ಖರೀದಿಸಿ, ಅನ್ನುತ್ತಾರೆ. ಈ ತಂಡವನ್ನು ಹೇಗೆ ನಡೆಸಲಿ?

ಉತ್ತರ: ನಿಮ್ಮ ತಂಡದವರು ಹೆದರುವುದು ಸಹಜ. ಅದಕ್ಕೆ ಅವರ ಸ್ವಭಾವ ಕಾರಣವಲ್ಲ, ಅವರನ್ನು ತೀರ್ಮಾನ ಕೇಳುತ್ತಿರುವ ಹೊತ್ತು ಕಾರಣ. ನಾನು ಇದೇ ಕೆಲಸ ಮಾಡಿ ನಿವೃತ್ತನಾದವನು. ಖರೀದಿ ವಿಭಾಗದ ಭಯದಲ್ಲಿ ಹೆಚ್ಚಿನ ಪಾಲು ಹುಟ್ಟುವುದು ಬಿಡ್ (ಟೆಂಡರ್‌ಗೆ ಕಂಪನಿಗಳು ಹಾಕಿದ ಅರ್ಜಿ) ತೆರೆದ ಮೇಲೆ.

100 ಕೆವಿಎ ಟಿಸಿಗೆ ಟೆಂಡರ್ ಕರೆದಿದ್ದೀರಿ ಅಂದುಕೊಳ್ಳಿ. ‘ಟೈಪ್ ಟೆಸ್ಟ್ ವರದಿ ಕೊಡಬೇಕು’, ಅಂದರೆ ಆ ಮಾದರಿಯ ಟಿಸಿಯನ್ನು ಲ್ಯಾಬಿನಲ್ಲಿ ಪರೀಕ್ಷಿಸಿದ ವರದಿ ಬೇಕು, ಅಂತ ಮಾತ್ರ ಬರೆದಿದೆ. ವರದಿ ಎಷ್ಟು ಹಳೆಯದಾದರೂ ನಡೆಯುತ್ತಾ, ಯಾವ ಲ್ಯಾಬಿನದಾಗಿರಬೇಕು, ಅದೇ ಡ್ರಾಯಿಂಗಿನ ಟಿಸಿಗೆ ಆಗಿರಬೇಕಾ, ಏನೂ ಇಲ್ಲ. ಬಿಡ್ ತೆರೆದಾಗ ಒಬ್ಬರ ವರದಿ ಎಂಟು ವರ್ಷ ಹಳೆಯದು ಅಂತ ಗೊತ್ತಾಗುತ್ತದೆ. ಈಗ ನಿಮ್ಮ ಕೆಳಗಿನ ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಏನು ಬರೆಯಬೇಕು? ನಡೆಯುತ್ತದೆ ಅಂತ ಬರೆದರೆ ಆ ಕಂಪನಿಗೆ ಅನುಕೂಲ ಮಾಡಿಕೊಟ್ಟರು ಅನ್ನುತ್ತಾರೆ. ನಡೆಯುವುದಿಲ್ಲ ಅಂದರೆ ಎದುರು ಕಂಪನಿಗೆ ದಾರಿ ಮಾಡಿಕೊಟ್ಟರು ಅನ್ನುತ್ತಾರೆ. ಯಾವುದನ್ನು ಬರೆದರೂ ಅದರ ಪಕ್ಕದಲ್ಲಿ ಒಂದು ಕಂಪನಿಯ ಹೆಸರು ಬಂದು ಕೂತುಕೊಳ್ಳುತ್ತದೆ. ಇದೇ ಪ್ರಶ್ನೆಯನ್ನು ಮೂರು ತಿಂಗಳ ಹಿಂದೆ, ಟೆಂಡರ್ ಡಾಕ್ಯುಮೆಂಟ್ ಬರೆಯುವಾಗ ಕೇಳಿದ್ದರೆ? ಆಗ ಯಾರ ಹೆಸರೂ ಇರುತ್ತಿರಲಿಲ್ಲ. ‘ಐದು ವರ್ಷಕ್ಕಿಂತ ಹಳೆಯ ವರದಿ ಬೇಡ’ ಅಂತ ಯಾರು ಬೇಕಾದರೂ ನೆಮ್ಮದಿಯಿಂದ ಬರೆಯಬಹುದಿತ್ತು.

ಹಾಗಾಗಿ ನಾನು ಹೇಳುವುದು ಮುಖ್ಯವಾಗಿ ಇಷ್ಟೇ. ತೀರ್ಮಾನ ಬೇಕಾಗುವ ವಿಷಯಗಳನ್ನೆಲ್ಲ ಬಿಡ್ ತೆರೆಯುವ ಮುಂಚಿನ ದಿನಗಳಿಗೆ ತಳ್ಳಿ. ತೆರೆದ ಮೇಲೆ ತಂಡಕ್ಕೆ ಉಳಿಯಬೇಕಾದ್ದು ಬರೆದ ಷರತ್ತನ್ನು ಅನ್ವಯಿಸುವ ಕೆಲಸ ಮಾತ್ರ. ಹೊಸ ಅರ್ಥ ಹುಡುಕುವ ಕೆಲಸ ಇರಬಾರದು.

ಇದು ನನ್ನ ಸ್ವಂತ ಸಿದ್ಧಾಂತವಲ್ಲ. ಕೆಟಿಪಿಪಿ ಅಂತ ನಾವೆಲ್ಲ ಕರೆಯುವ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದ 13ನೇ ಕಲಂ ಒಮ್ಮೆ ನಿಧಾನವಾಗಿ ಓದಿ. ಅಲ್ಲಿ ಸುಮ್ನೆ ‘ಕಡಿಮೆ ರೇಟಿನವರಿಗೆ ಕೊಡಿ’ ಅಂತ ಇಲ್ಲ. ಟೆಂಡರ್ ಡಾಕ್ಯುಮೆಂಟಿನಲ್ಲಿ ಮೊದಲೇ ಬರೆದ, ಅಳೆಯಲು ಬರುವ ಅಂಶಗಳ ಮೇಲೆ ಲೆಕ್ಕ ಹಾಕಿ ಯಾವುದು ಕಡಿಮೆಯೋ ಅದನ್ನು ಒಪ್ಪಬೇಕು ಅಂತ ಇದೆ. ಅಂದರೆ ಏನನ್ನು ಅಳೆಯಬೇಕು ಅಂತ ಮೊದಲೇ ಹೇಳುವ ಅವಕಾಶವನ್ನು ಕಾಯ್ದೆ ನಿಮ್ಮ ಕೈಗೆ ಕೊಟ್ಟಿದೆ. ನಾವು ಅದನ್ನು ಬಳಸದೆ, ಆಮೇಲೆ ಕಾಯ್ದೆಯನ್ನೇ ದೂರುತ್ತೇವೆ.

1979ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ರಮಣ ದಯಾರಾಂ ಶೆಟ್ಟಿ ಪ್ರಕರಣವನ್ನೂ ನಿಮ್ಮ ತಂಡಕ್ಕೆ ಓದಿಸಿ. ಬಾಂಬೆ ವಿಮಾನ ನಿಲ್ದಾಣದಲ್ಲಿ ರೆಸ್ಟೋರೆಂಟ್ ನಡೆಸುವ ಟೆಂಡರ್ ಅದು. ಕನಿಷ್ಠ ಐದು ವರ್ಷ ಅನುಭವ ಇರುವ, ನೋಂದಾಯಿತ ಎರಡನೇ ದರ್ಜೆಯ ಹೋಟೆಲಿನವರು ಮಾತ್ರ ಬರಬೇಕು ಅಂತ ಷರತ್ತಿತ್ತು. ಆ ಷರತ್ತು ಪೂರೈಸದವರಿಗೆ ಗುತ್ತಿಗೆ ಸಿಕ್ಕಿತು. ತಾನೇ ಹಾಕಿದ ಷರತ್ತನ್ನು ಪ್ರಾಧಿಕಾರ ಮೀರುವಂತಿಲ್ಲ ಅಂತ ಕೋರ್ಟ್ ಹೇಳಿತು. ಇದರಲ್ಲಿರುವ ನ್ಯಾಯವನ್ನು ಗಮನಿಸಿ. ಷರತ್ತು ಸಡಿಲಿಸಿದರೆ ಅನ್ಯಾಯವಾಗುವುದು ಟೆಂಡರ್ ಹಾಕಿ ಸೋತವರಿಗೆ ಮಾತ್ರವಲ್ಲ. ‘ನನಗೆ ಆ ಅರ್ಹತೆ ಇಲ್ಲ’ ಅಂತ ಓದಿ, ಅರ್ಜಿಯನ್ನೇ ಹಾಕದೆ ಸುಮ್ಮನಾದವರಿಗೂ ಅನ್ಯಾಯ. ಅವರು ನಿಮ್ಮ ಫೈಲಿನಲ್ಲಿ ಎಲ್ಲೂ ಕಾಣುವುದಿಲ್ಲ. ಷರತ್ತು ಹಾಕುವಾಗ ‘ಇದು ನಿಜಕ್ಕೂ ಬೇಕಾ?’ ಅಂತ ಹತ್ತು ಸಲ ಕೇಳಬೇಕಾದ್ದು ಇದಕ್ಕೇ. ಬೇಡದ ಷರತ್ತು ಹಾಕಿ ಆಮೇಲೆ ಸಡಿಲಿಸುವುದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ.

ಈಗ ಟಿಸಿ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಿಮ್ಮ ಮೂರು ದೂರುಗಳೂ ಇದರಲ್ಲೇ ಸೇರಿವೆ.

ಒಂದು ಊರಿನ ಟಿಸಿ ಸುಟ್ಟರೆ ಪಟ್ಟಣದಲ್ಲಿ 24 ಗಂಟೆ, ಹಳ್ಳಿಯಲ್ಲಿ 72 ಗಂಟೆಯೊಳಗೆ ಬದಲಿಸಬೇಕು ಅಂತ ಕೆಇಆರ್‌ಸಿ (ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ) ಸೇವಾ ಮಾನದಂಡ ಹಾಕಿದೆ. ಬೇಸಿಗೆಯಲ್ಲಿ ಐಪಿ ಸೆಟ್ (ನೀರಾವರಿ ಪಂಪ್‌ಸೆಟ್) ಲೋಡು ಏರಿದಾಗ ಇದನ್ನು ಪಾಲಿಸುವ ಭಾರ ಸೆಕ್ಷನ್ ಆಫೀಸರ್ ಮೇಲೆ ಬೀಳುತ್ತದೆ. ನೀವು ಆ ಕುರ್ಚಿಯಲ್ಲಿ ಕೂತು ಬಂದವರು. ಆದರೆ ನಿಮ್ಮ ತಂಡದಲ್ಲಿ ಎಷ್ಟೋ ಜನ ಹಾಗೆ ಕೂತಿಲ್ಲ. ಅವರಿಗೆ ಟಿಸಿ ಅಂದರೆ ಒಂದು ಇಂಡೆಂಟ್ (ಬೇಡಿಕೆ ಪತ್ರ) ನಂಬರು. ಅವರನ್ನು ವರ್ಷಕ್ಕೊಮ್ಮೆಯಾದರೂ ಏಪ್ರಿಲ್ ತಿಂಗಳಲ್ಲಿ ಒಂದು ಡಿವಿಷನ್ ಸ್ಟೋರ್ಸ್‌ಗೆ, ಒಂದು ರಿಪೇರಿ ಕೇಂದ್ರಕ್ಕೆ ಕಳಿಸಿ. ಬೆಳೆ ಒಣಗುತ್ತಿದೆ ಅಂತ ಟ್ರ್ಯಾಕ್ಟರ್ ತಗೊಂಡು ಬಂದು ನಿಂತ ರೈತರನ್ನು ನೋಡಿ ಬಂದವರು ಫೈಲನ್ನು ಮೇಜಿನ ಮೇಲೆ ವಾರಗಟ್ಟಲೆ ಇಡುವುದಿಲ್ಲ. ಇದು ತರಬೇತಿಯೇ, ಪ್ರವಾಸ ಅಲ್ಲ.

ಮುಂದಿನದು ಕ್ಯಾಲೆಂಡರ್. ಇಂಡೆಂಟ್ ಬಂದ ದಿನದಿಂದ ಮೊದಲ ಲಾಟ್ ಸ್ಟೋರ್ಸ್‌ಗೆ ಬಂದು ಇಳಿಯುವವರೆಗೆ ಆರರಿಂದ ಎಂಟು ತಿಂಗಳು ಹಿಡಿಯುತ್ತದೆ ಅಂತ ಇಟ್ಟುಕೊಳ್ಳಿ. ಅಂದಾಜು, ಡಾಕ್ಯುಮೆಂಟ್, ಟೆಂಡರ್ ಅವಧಿ, ಟೆಕ್ನಿಕಲ್ ಪರಿಶೀಲನೆ, ಪರ್ಚೇಸ್ ಕಮಿಟಿ, ಪಿಒ (ಪರ್ಚೇಸ್ ಆರ್ಡರ್), ಡ್ರಾಯಿಂಗ್ ಒಪ್ಪಿಗೆ, ಕಾರ್ಖಾನೆ ತಪಾಸಣೆ ಎಲ್ಲ ಸೇರಿ ಇಷ್ಟು ಆಗಿಯೇ ಆಗುತ್ತದೆ. ಫೆಬ್ರವರಿಯಲ್ಲಿ ಟಿಸಿ ಬೇಕು ಅಂದರೆ ಜೂನ್, ಜುಲೈಗೆ ಟೆಂಡರ್ ಕೆಲಸ ಶುರುವಾಗಿರಬೇಕು. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ಗಾಳಿಗೆ ಕಂಬ ಮುರಿಯುತ್ತವೆ. ಅದಕ್ಕೆ ಕಂಬ, ವೈರು ಮೇ ಹೊತ್ತಿಗೆ ಸ್ಟೋರ್ಸ್‌ನಲ್ಲಿ ಇರಬೇಕು, ಅಂದರೆ ಹಿಂದಿನ ಅಕ್ಟೋಬರ್‌ಗೇ ಕೆಲಸ ಹಿಡಿಯಬೇಕು. ಬಹಳ ಕಡೆ ಏನಾಗುತ್ತದೆ ಗೊತ್ತಾ? ಏಪ್ರಿಲ್‌ನಲ್ಲಿ ಬಜೆಟ್ ಬರಲಿ ಅಂತ ಕಾಯುತ್ತಾರೆ. ಆಮೇಲೆ ಡಿವಿಷನ್‌ಗಳಿಂದ ಬೇಡಿಕೆ ಪಟ್ಟಿ ಬರಲಿ ಅಂತ ಕಾಯುತ್ತಾರೆ. ಪಟ್ಟಿ ಆಗಸ್ಟ್‌ಗೆ ಬರುತ್ತದೆ. ಮಾಲು ಮುಂದಿನ ಬೇಸಿಗೆ ಕಳೆದ ಮೇಲೆ ಬರುತ್ತದೆ. ನಡುವೆ ‘ತುರ್ತು’ ಅನ್ನುವ ಪದ ಹುಟ್ಟಿಕೊಳ್ಳುತ್ತದೆ. ಈ ತುರ್ತಿನಲ್ಲಿ ಹೆಚ್ಚಿನದು ನಾವೇ ಮಾಡಿಕೊಂಡದ್ದು. ಬೇಡಿಕೆ ಪಟ್ಟಿಗೆ ಕಾಯಬೇಡಿ. ಕಳೆದ ಮೂರು ವರ್ಷ ಯಾವ ತಿಂಗಳು ಎಷ್ಟು ಟಿಸಿ ಸುಟ್ಟವು ಅನ್ನುವ ಲೆಕ್ಕ ನಿಮ್ಮಲ್ಲೇ ಇದೆ. ಅದನ್ನೇ ಹಿಡಿದು ಅಂದಾಜು ಹಾಕಿ, ಡಿವಿಷನ್‌ಗಳಿಗೆ ಕಳಿಸಿ, ‘ತಿದ್ದುಪಡಿ ಇದ್ದರೆ ಹೇಳಿ’ ಅನ್ನಿ. ಖಾಲಿ ಹಾಳೆ ಕಳಿಸಿ ತುಂಬಿ ಕೊಡಿ ಅನ್ನುವುದಕ್ಕಿಂತ ಇದು ಬೇಗ ಆಗುತ್ತದೆ.

ಕಳಪೆ ಮಾಲಿನ ದೂರಿಗೆ ಉತ್ತರ ಕೂಡ ಟೆಂಡರ್ ಡಾಕ್ಯುಮೆಂಟಿನಲ್ಲೇ ಇದೆ. ಟಿಸಿಯಲ್ಲಿ ಎರಡು ಥರ ನಷ್ಟ. ಲೋಡ್ ಇರಲಿ ಬಿಡಲಿ, ಚಾರ್ಜ್ ಆಗಿರುವಷ್ಟು ಹೊತ್ತೂ ಕೋರ್‌ನಲ್ಲಿ ಆಗುವ ನಷ್ಟ ಒಂದು. ಲೋಡ್ ಬಂದಾಗ ವೈಂಡಿಂಗಿನಲ್ಲಿ ಆಗುವುದು ಇನ್ನೊಂದು. ಲೆಕ್ಕಕ್ಕೆ ಸುಲಭವಾಗಲಿ ಅಂತ ಒಂದು ಉದಾಹರಣೆ ತಗೊಳ್ಳೋಣ. ಎರಡು ಟಿಸಿಗಳ ಕೋರ್ ನಷ್ಟದಲ್ಲಿ 50 ವ್ಯಾಟ್ ವ್ಯತ್ಯಾಸ ಇದೆ. ವರ್ಷಕ್ಕೆ 8,760 ಗಂಟೆ. ಅಲ್ಲಿಗೆ 438 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೆ ವರ್ಷಕ್ಕೆ 2,628 ರೂಪಾಯಿ. ಟಿಸಿ 25 ವರ್ಷ ಬಾಳುತ್ತದೆ ಅಂತ ಇಟ್ಟು, ಶೇ 10ರ ಬಡ್ಡಿ ದರದಲ್ಲಿ ಇವತ್ತಿನ ಬೆಲೆಗೆ ಇಳಿಸಿದರೂ ಸುಮಾರು 24 ಸಾವಿರ ಆಗುತ್ತದೆ. ಬರೀ 50 ವ್ಯಾಟಿಗೆ! ಐದು ಸಾವಿರ ಕಡಿಮೆ ಹೇಳಿದ ಅಂತ ಜಾಸ್ತಿ ನಷ್ಟದ ಟಿಸಿ ತಗೊಂಡರೆ ಕಂಪನಿ ಉಳಿಸಿತಾ, ಕಳೆದುಕೊಂಡಿತಾ? ಆದ್ದರಿಂದ ಬೆಲೆಯ ಜೊತೆ ಈ ನಷ್ಟದ ಬೆಲೆಯನ್ನೂ ಕೂಡಿಸಿ ಎಲ್1 (ಎಲ್ಲರಿಗಿಂತ ಕಡಿಮೆಯವರು) ಯಾರು ಅಂತ ಹೇಳುವ ಸೂತ್ರವನ್ನು ಡಾಕ್ಯುಮೆಂಟಿನಲ್ಲೇ ಹಾಕಬಹುದು. 13ನೇ ಕಲಂ ಹೇಳುವ ‘ಅಳೆಯಲು ಬರುವ ಅಂಶ’ ಅಂದರೆ ಇದೇ. ಅಥವಾ ಟಿಸಿಗಳ ಭಾರತೀಯ ಮಾನಕವಾದ ಐಎಸ್ 1180 (ಭಾಗ 1): 2014 ಹೇಳುವ ಗರಿಷ್ಠ ನಷ್ಟವನ್ನು ಇಟ್ಟು, ಅದಕ್ಕಿಂತ ಒಂದು ವ್ಯಾಟ್ ಜಾಸ್ತಿ ಬಂದರೂ ತಿರಸ್ಕಾರ ಅಂತ ಬರೆಯಬಹುದು. ಎರಡೂ ಸರಿಯೇ. ಯಾವುದು ಅಂತ ಮೊದಲೇ ತೀರ್ಮಾನ ಆಗಿರಬೇಕು ಅಷ್ಟೇ.

ಬರೆದರೆ ಸಾಲದು, ನೋಡಲೂ ಬೇಕು. ಕಾರ್ಖಾನೆಯಲ್ಲಿ ತಪಾಸಣೆಗೆ ಇಟ್ಟ ಟಿಸಿ ಚೆನ್ನಾಗಿಯೇ ಇರುತ್ತದೆ. ಸ್ಟೋರ್ಸ್‌ಗೆ ಬಂದ ಲಾಟಿನಿಂದ ನೀವೇ ಒಂದು ಎತ್ತಿಕೊಂಡು ಬೇರೆ ಲ್ಯಾಬಿಗೆ ಕಳಿಸುವ ಹಕ್ಕು ಪಿಒದಲ್ಲಿ ಇರಬೇಕು. ಬೆಂಗಳೂರಿನಲ್ಲೇ ಸಿಪಿಆರ್‌ಐ (ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ) ಇದೆ. 1960ರಿಂದ ಈ ಕೆಲಸ ಮಾಡುತ್ತಿರುವ ಕೇಂದ್ರ ಸರ್ಕಾರದ ಸಂಸ್ಥೆ ಅದು. ಒಂದು ಟಿಸಿಯನ್ನು ಪೂರ್ತಿ ಬಿಚ್ಚಿ ಕೋರ್ ಮತ್ತು ಕಾಯಿಲ್ ತೂಕ ಮಾಡಿ. ಜಿಟಿಪಿಯಲ್ಲಿ (ಕಂಪನಿ ಖಾತರಿ ಕೊಡುವ ತಾಂತ್ರಿಕ ವಿವರಗಳ ಪಟ್ಟಿ) ಬರೆದುಕೊಟ್ಟ ತೂಕಕ್ಕೂ ತಕ್ಕಡಿ ತೋರಿಸುವ ತೂಕಕ್ಕೂ ತಾಳೆಯಾಗದಿದ್ದರೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ. ಈ ಖರ್ಚನ್ನು ಅಂದಾಜಿನಲ್ಲೇ ಸೇರಿಸಿ, ಇಲ್ಲದಿದ್ದರೆ ಆಮೇಲೆ ದುಡ್ಡು ಇಲ್ಲ ಅಂತ ಯಾರೂ ಮಾಡಿಸುವುದಿಲ್ಲ.

ಗ್ಯಾರಂಟಿ ಅವಧಿಯೊಳಗೆ ಸುಟ್ಟ ಟಿಸಿಗಳು, ನಾವು ಡಬ್ಲ್ಯುಜಿಪಿ ಅನ್ನುವವು, ಇವುಗಳ ಲೆಕ್ಕ ನಿಮ್ಮ ಮೇಜಿನ ಮೇಲೆ ಇರಲಿ. ಯಾವ ಕಂಪನಿಯದು ಎಷ್ಟು ಸುಟ್ಟವು, ರಿಪೇರಿಗೆ ತಗೊಂಡು ಹೋದವು ಎಷ್ಟು ತಿಂಗಳಾದರೂ ವಾಪಸ್ ಬಂದಿಲ್ಲ. ಬಾಕಿ ಇಷ್ಟಕ್ಕಿಂತ ಜಾಸ್ತಿ ಇರುವವರು ಹೊಸ ಟೆಂಡರ್‌ಗೆ ಅರ್ಹರಲ್ಲ ಅಂತ ಷರತ್ತು ಹಾಕಬಹುದು. ಆದರೆ ಒಂದು ಎಚ್ಚರ. ಸುಟ್ಟಿದ್ದೆಲ್ಲ ಕಳಪೆ ಮಾಲು ಅಂತಲ್ಲ. ಅಕ್ರಮ ಪಂಪ್‌ಸೆಟ್ ಲೋಡು, ಎಣ್ಣೆ ಕಳ್ಳತನ, ಸರಿಯಿಲ್ಲದ ಅರ್ಥಿಂಗ್, ಸಿಡಿಲು, ಫ್ಯೂಸ್ ಜಾಗದಲ್ಲಿ ದಪ್ಪ ತಂತಿ ಕಟ್ಟುವುದು, ಇವೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕಾರಣ ಬೇರೆ ಮಾಡಿ ಬರೆದ ಲೆಕ್ಕ ಇದ್ದರೆ ಮಾತ್ರ ಈ ಷರತ್ತು ನ್ಯಾಯವಾಗಿ ನಿಲ್ಲುತ್ತದೆ. ನಿಮ್ಮ ಫೀಲ್ಡ್ ಅನುಭವ ಖರೀದಿ ವಿಭಾಗಕ್ಕೆ ಕೊಡಬಹುದಾದ ದೊಡ್ಡ ಉಪಕಾರ ಇದೇ.

ರೇಟಿನ ವಿಷಯದಲ್ಲಿ ಎರಡು ಮಾತು. ಟಿಸಿಯ ಬೆಲೆಯಲ್ಲಿ ಬಹುಪಾಲು ಕೋರ್ ಸ್ಟೀಲ್, ತಾಮ್ರ ಅಥವಾ ಅಲ್ಯೂಮಿನಿಯಂ, ಎಣ್ಣೆ. ಇವು ಜಗತ್ತಿನ ಮಾರುಕಟ್ಟೆಯಲ್ಲಿ ಏರಿಳಿಯುತ್ತವೆ. ‘ಫರ್ಮ್ ರೇಟ್’ ಅಂತ ಕಟ್ಟಿಹಾಕಿದರೆ ಕಂಪನಿಯವರು ಆ ಅಪಾಯವನ್ನೂ ಸೇರಿಸಿಯೇ ರೇಟು ಹೇಳುತ್ತಾರೆ. ಇಲ್ಲವಾದರೆ ತಾಮ್ರ ಏರಿದ ದಿನ ಸಪ್ಲೈ ನಿಲ್ಲಿಸುತ್ತಾರೆ. ವಿದ್ಯುತ್ ಉಪಕರಣ ತಯಾರಕರ ಸಂಘವಾದ ಐಇಇಎಂಎ ತಿಂಗಳು ತಿಂಗಳು ಪ್ರಕಟಿಸುವ ಸೂಚ್ಯಂಕದ ಮೇಲೆ ಬೆಲೆ ವ್ಯತ್ಯಾಸದ ಷರತ್ತು ಹಾಕುವುದು ಒಳ್ಳೆಯದು. ಅದರಲ್ಲಿ ಒಂದು ಸಾಲು ಮರೆಯಬೇಡಿ. ಕಂಪನಿಯ ತಪ್ಪಿನಿಂದ ತಡವಾದ ಸಪ್ಲೈಗೆ ಬೆಲೆ ಏರಿದ್ದು ಸಿಗುವುದಿಲ್ಲ, ಇಳಿದಿದ್ದರೆ ಇಳಿದ ಬೆಲೆಯೇ. ಈ ಸಾಲು ಇಲ್ಲದ ಪಿಒಗಳಿಂದ ಆಡಿಟ್ ಪ್ಯಾರಾ (ವರದಿಯಲ್ಲಿ ಆಕ್ಷೇಪ) ಬರುವುದು ಸಾಮಾನ್ಯ.

ಒಂದೇ ಕಂಪನಿಗೆ ಪೂರ್ತಿ ಆರ್ಡರ್ ಕೊಟ್ಟರೆ, ಅವರು ಕೈಕೊಟ್ಟ ದಿನ ಇಡೀ ಜಿಲ್ಲೆ ಕತ್ತಲು. ಅದಕ್ಕೆ ಎಲ್1 ರೇಟಿಗೆ ಒಪ್ಪಿದ ಎಲ್2, ಎಲ್3ಗೂ ಪಾಲು ಹಂಚುವ ರೂಢಿ ಇದೆ. ಅನುಪಾತವನ್ನು ಟೆಂಡರ್‌ನಲ್ಲೇ ಬರೆದಿದ್ದರೆ ಇದು ಸರಿ. ಆದರೆ ಬಂದವರಿಗೆಲ್ಲ ಪಾಲು ಸಿಗುತ್ತದೆ ಅಂತ ಗೊತ್ತಾದರೆ ಯಾರೂ ರೇಟು ಇಳಿಸುವುದಿಲ್ಲ. ಕಡೆಗೆ ಒಬ್ಬಿಬ್ಬರಾದರೂ ಖಾಲಿ ಕೈಯಲ್ಲಿ ಹೋಗುವ ಹಾಗೆ ಇರಬೇಕು. ಕೂಡಿಕೊಂಡು ರೇಟು ಹಾಕುವ ಲಕ್ಷಣಗಳನ್ನು ತಂಡಕ್ಕೆ ಕಲಿಸಿ. ರೇಟುಗಳು ಪೈಸೆಯವರೆಗೆ ಒಂದೇ ಇರುವುದು, ಎರಡು ಕಂಪನಿಗಳ ಬ್ಯಾಂಕ್ ಗ್ಯಾರಂಟಿ ಒಂದೇ ಶಾಖೆಯಿಂದ ಅಕ್ಕಪಕ್ಕದ ನಂಬರಿನಲ್ಲಿ ಬರುವುದು, ಬೇರೆ ಬೇರೆ ಕಂಪನಿಗಳ ಪತ್ರದಲ್ಲಿ ಒಂದೇ ಕಾಗುಣಿತ ತಪ್ಪು. ಇಂಥದ್ದು ಕಂಡರೆ ಯಾರನ್ನೂ ಕರೆದು ಜಗಳವಾಡಬೇಡಿ. ಕಂಡದ್ದನ್ನು ಫೈಲಿನಲ್ಲಿ ಬರೆದು ಕಾನೂನು ವಿಭಾಗಕ್ಕೆ ಕಳಿಸಿ. 2002ರ ಸ್ಪರ್ಧಾ ಕಾಯ್ದೆಯ 3ನೇ ಕಲಂ ಇದನ್ನು ನಿಷೇಧಿಸಿದೆ. ದೆಹಲಿಯ ಸ್ಪರ್ಧಾ ಆಯೋಗಕ್ಕೆ ಹೋಗುವ ದಾರಿಯೂ ಇದೆ. ಇನ್ನೊಂದು ಸುಲಭದ ಕೆಲಸ: ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಸೆಸ್ಕ್ ಐದೂ ತಗೊಳ್ಳುವುದು ಹೆಚ್ಚು ಕಡಿಮೆ ಒಂದೇ ಟಿಸಿ. ನಿಮ್ಮ ಹುದ್ದೆಯಲ್ಲೇ ಇರುವ ಉಳಿದ ನಾಲ್ವರಿಗೆ ಫೋನು ಮಾಡಿ, ಅವರ ಇತ್ತೀಚಿನ ಪಿಒ ರೇಟು, ತಿಂಗಳು, ಷರತ್ತು ಸಮೇತ ತರಿಸಿಕೊಂಡು ಫೈಲಿಗೆ ಹಾಕಿ. ನಿಮಗೆ ಬಂದ ರೇಟು ಸರಿಯೋ ತಪ್ಪೋ ಅನ್ನುವ ಚರ್ಚೆ ಅಲ್ಲಿಗೆ ಅರ್ಧ ಮುಗಿಯುತ್ತದೆ.

ಹಣ ಪಾವತಿ ನಮ್ಮ ಕೆಲಸ ಅಲ್ಲ, ಅಕೌಂಟ್ಸ್‌ನವರದು ಅಂತ ಖರೀದಿ ತಂಡಗಳು ಕೈತೊಳೆದುಕೊಳ್ಳುತ್ತವೆ. ಇದರಲ್ಲಿ ನನಗೆ ನಿಜವಾದ ಸಿಟ್ಟಿದೆ. ಟಿಸಿ, ಕಂಬ, ಕ್ರಾಸ್ ಆರ್ಮ್ ಮಾಡುವವರಲ್ಲಿ ಬಹಳ ಮಂದಿ ಸಣ್ಣ ಉದ್ದಿಮೆಯವರು. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಪ್ರಕಾರ ಸಣ್ಣ ಉದ್ದಿಮೆಗೆ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಆರು ತಿಂಗಳು ಬಿಲ್ ಬಾಕಿ ಇಟ್ಟುಕೊಳ್ಳುವ ಕಂಪನಿ ಅಂತ ಹೆಸರು ಬಂದರೆ ಒಳ್ಳೆಯ ತಯಾರಕರು ನಿಮ್ಮ ಟೆಂಡರ್‌ಗೆ ಬರುವುದೇ ಇಲ್ಲ. ಬರುವವರು ಬಡ್ಡಿ ಸೇರಿಸಿ ರೇಟು ಹೇಳುತ್ತಾರೆ, ಇಲ್ಲವೇ ತೂಕದಲ್ಲಿ ಕಡಿಮೆ ಮಾಡಿ ಸರಿದೂಗಿಸಿಕೊಳ್ಳುತ್ತಾರೆ. ಕಳಪೆ ಮಾಲಿನ ಬೇರು ಎಷ್ಟೋ ಸಲ ಇಲ್ಲೇ ಇರುತ್ತದೆ. ಟೆಂಡರ್ ಕರೆಯುವ ಮೊದಲು ಫೈನಾನ್ಸ್ ಅಧಿಕಾರಿಯ ಜೊತೆ ಕೂತು, ಯಾವ ತಿಂಗಳು ಎಷ್ಟು ಕೊಡಲು ಆಗುತ್ತದೆ ಅಂತ ಕೇಳಿ. ಸಪ್ಲೈ ವೇಳಾಪಟ್ಟಿಯನ್ನು ಅದಕ್ಕೆ ಹೊಂದಿಸಿ. ಕೊಡಲಾಗದಷ್ಟು ಆರ್ಡರ್ ಮಾಡಬೇಡಿ.

ಈಗ ನಿಮ್ಮ ತಂಡದ ಜನರ ಬಗ್ಗೆ. ಫೈಲು ಮೇಲೆ ಕೆಳಗೆ ಓಡಾಡುವುದನ್ನು ನಿಲ್ಲಿಸಲು ಒಂದೇ ದಾರಿ ನನಗೆ ಗೊತ್ತಿರುವುದು. ಟೆಂಡರ್ ಪರಿಶೀಲನಾ ಸಮಿತಿಯವರನ್ನು ಒಂದು ದಿನ ಒಂದೇ ಕೋಣೆಯಲ್ಲಿ ಕೂರಿಸಿ. ಎಂಜಿನಿಯರ್, ಅಕೌಂಟ್ಸ್, ಬೇಕಿದ್ದರೆ ಕಾನೂನಿನವರು. ಮುಂದೆ ಒಂದು ಕೋಷ್ಟಕ: ಎಡಕ್ಕೆ ಟೆಂಡರ್ ಷರತ್ತು, ನಡುವೆ ಬಿಡ್‌ದಾರ ಕೊಟ್ಟ ದಾಖಲೆ, ಪುಟ ಸಂಖ್ಯೆ, ಬಲಕ್ಕೆ ಪೂರೈಸಿದೆ ಅಥವಾ ಇಲ್ಲ. ಮೂರನೇ ಉತ್ತರಕ್ಕೆ ಜಾಗವೇ ಇಲ್ಲ. ಯಾರಿಗಾದರೂ ಭಿನ್ನಾಭಿಪ್ರಾಯ ಇದ್ದರೆ ಅದನ್ನೂ ಅಲ್ಲೇ ಬರೆಯಲಿ. ಭಿನ್ನಾಭಿಪ್ರಾಯ ಬರೆದವರನ್ನು ಆಮೇಲೆ ಯಾರೂ ಕೆಣಕದಂತೆ ನೋಡಿಕೊಳ್ಳುವುದು ನಿಮ್ಮ ಜವಾಬ್ದಾರಿ. ಕೋಷ್ಟಕದಲ್ಲಿ ಉತ್ತರ ಸಿಗದ ಪ್ರಶ್ನೆ ಬಂದರೆ, ಅದು ಡಾಕ್ಯುಮೆಂಟಿನ ಕೊರತೆ. ಅದಕ್ಕೆ ಕಾರಣ ಸಮೇತ ಟಿಪ್ಪಣಿಯನ್ನು ನೀವೇ ಬರೆಯಿರಿ, ನಿಮ್ಮ ಸಹಿ ಮೊದಲು ಬೀಳಲಿ. ಕಿರಿಯರ ಹತ್ತಿರ ಬರೆಸಿ ಕೆಳಗೆ ‘ಒಪ್ಪಿದೆ’ ಅಂತ ಹಾಕುವ ಮುಖ್ಯಸ್ಥರ ಕೆಳಗೆ ಯಾರೂ ಧೈರ್ಯ ಕಲಿಯುವುದಿಲ್ಲ. ಆ ಕೊರತೆಯನ್ನು ಒಂದು ರಿಜಿಸ್ಟರಿನಲ್ಲಿ ಬರೆದಿಡಿ. ಮುಂದಿನ ಟೆಂಡರ್ ಡಾಕ್ಯುಮೆಂಟ್ ಶುರುವಾಗುವುದೇ ಆ ರಿಜಿಸ್ಟರ್ ಓದುವುದರಿಂದ ಆಗಲಿ. ಎರಡು ಮೂರು ಟೆಂಡರ್ ಆಗುವಷ್ಟರಲ್ಲಿ ಪ್ರಶ್ನೆಗಳು ಕಡಿಮೆಯಾಗುವುದನ್ನು ನೀವೇ ನೋಡುತ್ತೀರಿ.

ಆಡಿಟ್ ಬಗ್ಗೆಯೂ ಅವರಿಗೆ ಸರಿಯಾಗಿ ಹೇಳಿ. ಎಜಿ ಆಡಿಟ್‌ನವರು ಕೇಳುವುದು ಹೆಚ್ಚಾಗಿ ಫೈಲಿನಲ್ಲಿ ಇಲ್ಲದ್ದನ್ನು. ‘ಈ ಅಂದಾಜು ಎಲ್ಲಿಂದ ಬಂತು?’, ‘ಇವರನ್ನು ಯಾಕೆ ತಿರಸ್ಕರಿಸಿದಿರಿ?’ ಕಾರಣ ಅದೇ ದಿನಾಂಕದಲ್ಲಿ ಬರೆದಿದ್ದರೆ ಹೆಚ್ಚಿನ ಪ್ರಶ್ನೆಗಳು ಅಲ್ಲಿಗೇ ನಿಲ್ಲುತ್ತವೆ. ಕೋರ್ಟ್ ಕೂಡ ಅಷ್ಟೇ. 1994ರ ಟಾಟಾ ಸೆಲ್ಯುಲಾರ್ ತೀರ್ಪಿನಿಂದ ಇಲ್ಲಿಯವರೆಗೆ ನ್ಯಾಯಾಲಯಗಳು ನೋಡುವುದು ತೀರ್ಮಾನಕ್ಕೆ ಬಂದ ದಾರಿಯನ್ನು. ಎಂಜಿನಿಯರ್ ಮಾಡಿದ ಆಯ್ಕೆಯ ಜಾಗದಲ್ಲಿ ತನ್ನ ಆಯ್ಕೆ ಇಡಲು ಕೋರ್ಟ್ ಹೋಗುವುದಿಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಬಂದು ಹಳೆಯ 13(1)(ಡಿ) ಹೋಯಿತು. ಲಂಚ, ದುರುದ್ದೇಶ ಇಲ್ಲದೆಯೂ ಯಾರಿಗೋ ಲಾಭವಾಯಿತು ಅನ್ನುವ ಒಂದೇ ಕಾರಣಕ್ಕೆ ಅಧಿಕಾರಿಯನ್ನು ಸಿಲುಕಿಸಬಹುದಾಗಿದ್ದ ಕಲಂ ಅದು. ನಿಮ್ಮ ಕಿರಿಯ ಎಂಜಿನಿಯರ್‌ಗಳಲ್ಲಿ ಬಹಳ ಮಂದಿಗೆ ಇದು ಗೊತ್ತೇ ಇರುವುದಿಲ್ಲ. ಹಿರಿಯರು ಹೇಳಿದ ಹಳೆಯ ಕಥೆಗಳನ್ನೇ ನೆನೆದು ಹೆದರುತ್ತಿರುತ್ತಾರೆ.

ಕಂಪನಿಯವರ ಜೊತೆ ವ್ಯವಹಾರ ಹೇಗಿರಬೇಕು ಅನ್ನುವುದಕ್ಕೆ ಉದ್ದ ಉಪದೇಶ ಬೇಡ. ಟೆಂಡರ್ ಹೊರಬಿದ್ದ ಮೇಲೆ ಪ್ರಶ್ನೆಗಳೆಲ್ಲ ಪ್ರೀ-ಬಿಡ್ ಸಭೆಯಲ್ಲಿ ಅಥವಾ ಬರಹದಲ್ಲಿ. ಉತ್ತರ ಎಲ್ಲರಿಗೂ ಒಂದೇ ಸಲ, ಪೋರ್ಟಲ್‌ನಲ್ಲಿ. ಕಂಪನಿಯವರು ಆಫೀಸಿಗೆ ಬಂದರೆ ಇಬ್ಬರು ಅಧಿಕಾರಿಗಳು ಕೂತು ಮಾತಾಡಲಿ, ಬಂದವರ ಹೆಸರು ರಿಜಿಸ್ಟರಿನಲ್ಲಿ ಇರಲಿ. ದೀಪಾವಳಿ ಸ್ವೀಟ್ ಬಾಕ್ಸ್ ಗೇಟಿನಿಂದಲೇ ವಾಪಸ್ ಹೋಗಲಿ, ನಿಮ್ಮದೇ ಮೊದಲು. ಸೋತವರು ಬಂದು ‘ನಮ್ಮನ್ನು ಯಾಕೆ ಬಿಟ್ಟಿರಿ?’ ಅಂತ ಕೇಳಿದರೆ ಮಾತ್ರ ಮುಖ ತಿರುಗಿಸಬೇಡಿ. ಕಾರಣವನ್ನು ಪುಟ ತೋರಿಸಿ ಬರಹದಲ್ಲಿ ಕೊಡಿ. ಕೆಟಿಪಿಪಿ 16ನೇ ಕಲಂನಲ್ಲಿ 30 ದಿನದೊಳಗೆ ಮೇಲ್ಮನವಿ ಹಾಕುವ ಹಕ್ಕು ಅವರಿಗಿದೆ. ಕಾರಣ ಸ್ಪಷ್ಟವಾಗಿ ಸಿಕ್ಕವರು ಹೆಚ್ಚಾಗಿ ಮೇಲ್ಮನವಿಗೆ ಹೋಗದೆ ಮುಂದಿನ ಟೆಂಡರ್‌ಗೆ ತಯಾರಾಗುತ್ತಾರೆ.

ಕೊನೆಗೆ ಕೆಟಿಪಿಪಿಯ 4(ಜಿ) ಕಲಂ. ನಿರ್ದಿಷ್ಟ ಖರೀದಿಯೊಂದಕ್ಕೆ ಟೆಂಡರ್‌ನಿಂದ ವಿನಾಯಿತಿ ಕೊಟ್ಟು ಸರ್ಕಾರ ಅಧಿಸೂಚನೆ ಹೊರಡಿಸುವುದಕ್ಕೆ ಇರುವ ಅವಕಾಶ ಇದು. ಕೊಡುವ ಅಧಿಕಾರ ಸರ್ಕಾರದ್ದು, ಎಂಡಿಯವರದಲ್ಲ, ನಿಮ್ಮದಂತೂ ಅಲ್ಲ. ಪ್ರಕೃತಿ ವಿಕೋಪಕ್ಕೆ 4(ಎ) ಬೇರೆ ಇದೆ. ಅದಕ್ಕೂ ಸರ್ಕಾರದ ಘೋಷಣೆ ಬೇಕು. 2019ರ ಆಗಸ್ಟ್ ಪ್ರವಾಹದಂಥದ್ದು ಬಂದು ಸಾವಿರಾರು ಕಂಬ ಕೊಚ್ಚಿಕೊಂಡು ಹೋದರೆ ಯಾರೂ ಟೆಂಡರ್ ಅವಧಿ ಮುಗಿಯಲಿ ಅಂತ ಕಾಯಲಾಗದು, ಕಾಯಲೂಬಾರದು. ಆದರೆ ಪ್ರತಿ ಬೇಸಿಗೆಯೂ ಬರುವ ಬೇಸಿಗೆ ವಿಕೋಪ ಅಲ್ಲವಲ್ಲ. ಇಂಥ ಹೊತ್ತಿಗೆ ಎರಡು ಸಿದ್ಧತೆ ಮೊದಲೇ ಮಾಡಿಕೊಳ್ಳಿ. ಕಂಬ, ವೈರು, ಇನ್ಸುಲೇಟರ್‌ಗೆ ವರ್ಷದ ರೇಟ್ ಕಾಂಟ್ರ್ಯಾಕ್ಟ್ ಇರಲಿ, ಬೇಕಾದಾಗ ಬೇಕಾದಷ್ಟು ತರಿಸಿಕೊಳ್ಳುವ ಹಾಗೆ. ಟಿಸಿ ಪಿಒಗಳಲ್ಲಿ ಇಂತಿಷ್ಟು ಹೆಚ್ಚುವರಿ ಪ್ರಮಾಣವನ್ನು ಅದೇ ರೇಟಿಗೆ ಕೊಡಬೇಕು ಅನ್ನುವ ಷರತ್ತು ಟೆಂಡರ್ ಹಂತದಲ್ಲೇ ಇರಲಿ. ಟೆಂಡರ್ ಮಿತಿಗಿಂತ ಕೆಳಗೆ ಬರಲಿ ಅಂತ ಒಂದು ಇಂಡೆಂಟನ್ನು ತುಂಡು ಮಾಡುವ ಸಲಹೆ ಬಂದರೆ ಒಪ್ಪಲೇಬೇಡಿ. ಆಡಿಟ್‌ನವರು ಅದನ್ನು ದಿನಾಂಕ ನೋಡಿಯೇ ಹಿಡಿಯುತ್ತಾರೆ.

ಮೇಲಿನವರ ಜೊತೆ ವಾದ ಮಾಡಬೇಕಾಗಿಲ್ಲ. ಫೋನಿನಲ್ಲಿ ಸೂಚನೆ ಬಂದರೆ ‘ಆಯ್ತು ಸರ್, ಟಿಪ್ಪಣಿ ಮಂಡಿಸುತ್ತೇನೆ’ ಅನ್ನಿ. ಅದೇ ದಿನ ಒಂದು ಪುಟ ಬರೆಯಿರಿ. ಸೂಚನೆ ಯಾವ ದಿನ, ಯಾರಿಂದ ಬಂತು. ಸ್ಟೋರ್ಸ್‌ನಲ್ಲಿ ಈಗ ಎಷ್ಟು ಟಿಸಿ ಇವೆ, ದಿನಕ್ಕೆ ಎಷ್ಟು ಹೋಗುತ್ತಿವೆ, ಎಷ್ಟು ದಿನ ಬರುತ್ತವೆ. ಟೆಂಡರ್ ಮೂಲಕ ಹೋದರೆ ಯಾವ ದಿನಾಂಕಕ್ಕೆ ಬರುತ್ತದೆ, ವಿನಾಯಿತಿ ಕೇಳಿದರೆ ಸರ್ಕಾರದಿಂದ ಆದೇಶ ಬಂದು ಯಾವ ದಿನಾಂಕಕ್ಕೆ ಬರುತ್ತದೆ. ನಡುವಿನ ದಿನಗಳಿಗೆ ರಿಪೇರಿಯಾದ ಟಿಸಿ ಎಷ್ಟು ಸಿಗುತ್ತವೆ, ಪಕ್ಕದ ಎಸ್ಕಾಂನಿಂದ ಎರವಲು ಸಿಗುತ್ತದಾ. ಕೆಳಗೆ ನಿಮ್ಮ ಶಿಫಾರಸು, ಕಾರಣ, ಸಹಿ. ಈ ಪುಟ ಎದುರಿಗೆ ಬಂದಾಗ ಸಾಮಾನ್ಯವಾಗಿ ವಿನಾಯಿತಿಗೂ ಟೆಂಡರ್‌ಗೂ ಮೂರು ನಾಲ್ಕು ವಾರಕ್ಕಿಂತ ಜಾಸ್ತಿ ವ್ಯತ್ಯಾಸ ಕಾಣುವುದಿಲ್ಲ, ಮತ್ತು ಬಹಳಷ್ಟು ಹಿರಿಯ ಅಧಿಕಾರಿಗಳು ‘ಹಾಗಾದರೆ ಟೆಂಡರೇ ಕರೆಯಿರಿ’ ಅನ್ನುತ್ತಾರೆ. ನಿಜಕ್ಕೂ ವಿನಾಯಿತಿ ಬೇಕಾದ ಸಂದರ್ಭ ಇದ್ದರೆ, ಸರ್ಕಾರಕ್ಕೆ ಪ್ರಸ್ತಾವ ಕಳಿಸಲು ಬೇಕಾದ ಅಂಕಿ ಅಂಶವೆಲ್ಲ ಅದೇ ಪುಟದಲ್ಲಿ ಸಿದ್ಧವಾಗಿರುತ್ತದೆ.